ಬಾಳಿನ ಗುರಿ: ಗುರುದೇವ ರಾನಡೆಯವರ ದರ್ಶನ

ವಿದ್ಯೆಯಾಯಿತು, ಉದ್ಯೋಗವಾಯಿತು, ಮದುವೆಯಾಯಿತು, ಮುಂದೇನು? ಹೆಣ್ಣುಮಕ್ಕಳನ್ನು ಓದಿಸುವ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆಯಿದು. 1886ರಲ್ಲಿ ಜಮಖಂಡಿಯಲ್ಲಿ ಜನಿಸಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿ, 1957ರಲ್ಲಿ ನಿಂಬಾಳದಲ್ಲಿ ದಿವಂಗತರಾದ ಗುರುದೇವ ರಾನಡೆಯವರು ಭಗವತ್ಸಾಕ್ಷಾತ್ಕಾರದ ಆನಂದವೇ ಬಾಳಿನ ಗುರಿಯೆಂದರು. ಅದು ಬರಿಯ ತರ್ಕಕ್ಕೆ ಸಿಲುಕದು. ಶುದ್ಧ ನಡತೆಯಿಂದಲೂ ಎಡೆಬಿಡದ ನಾಮಸ್ಮರಣೆಯಿಂದಲೂ ಅನುಭವಕ್ಕೆ ಬರತಕ್ಕದ್ದು.

ಹಾದಿಯಲ್ಲಿ ಕತ್ತಲೆಯೂ ಉಂಟು. ಸ್ಪೇನ್ ದೇಶದ ಕ್ರೈಸ್ತ ಸಂತ ಯೋಹಾನನು ವರ್ಣಿಸಿದ ಆತ್ಮದ ಕಾರಿರುಳನ್ನೇ ಅವರು ತುಕಾರಾಮರ ಅಭಂಗಗಳಲ್ಲಿಯೂ ಕಂಡರು. ಎಲ್ಲ ದೇಶಕಾಲಗಳ ಅನುಭಾವಿಗಳದು ಒಂದೇ ಸಮಾಜವೆಂದು ಮಹಾರಾಷ್ಟ್ರದ ಸಂತರನ್ನು ಕುರಿತ 1933ರ ಗ್ರಂಥದಲ್ಲಿ ಸಾರಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಅವರಿತ್ತ ಉಪನ್ಯಾಸಗಳಲ್ಲಿ ಬಸವ, ಪುರಂದರ, ಕನಕರೂ ಆ ಸಮಾಜದವರೇ.

ಸೋದರಿಯರೇ, ಕಷ್ಟಕಾಲದಲ್ಲಿ ಮನಸ್ಸು ಬರಿದಾದರೆ ದಾರಿ ತಪ್ಪಿತೆಂದು ಎದೆಗುಂದಬೇಡಿರಿ. ಅದೂ ದಾರಿಯೇ ಎಂಬುದು ಈ ತತ್ತ್ವಜ್ಞರಿಂದ ನಾವು ಕಲಿಯಬೇಕಾದ ಪಾಠ.