ಹಳೆಯ ಮೋಟಾರಿನ ಪೆಟ್ರೋಲು ಟ್ಯಾಂಕು

ಮೋಟಾರು ಗಾಡಿಯೊಂದು ಬಹುಕಾಲ ಷೆಡ್ಡಿನಲ್ಲಿ ನಿಂತರೆ ಬಣ್ಣ ಮಾಸುತ್ತದೆ, ಟೈರು ಬಿರಿಯುತ್ತದೆ, ಬ್ಯಾಟರಿ ನಿಸ್ಸಾರವಾಗುತ್ತದೆ. ಇವು ಯಜಮಾನರ ಕಣ್ಣಿಗೆ ಬೀಳುವ ಹಾನಿಗಳು. ಕಣ್ಣಿಗೆ ಬೀಳದ ಹಾನಿಯೊಂದುಂಟು. ಅದು ಪೆಟ್ರೋಲು ಟ್ಯಾಂಕಿನ ಒಳಗೆ ಹಿಡಿಯುವ ತುಕ್ಕು. ಗಾಡಿಯನ್ನು ಮತ್ತೆ ಓಡಿಸಿದ ದಿನ ಅದರ ಸುಳಿವು ಸಿಕ್ಕುತ್ತದೆ. ಒಂದೆರಡು ಮೈಲಿ ಸರಾಗವಾಗಿ ಹೋದ ಗಾಡಿ ಏರಿನಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ತುಸು ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಕೆಂಪು ಪುಡಿಯು ಕೊಳವೆಯ ಬಾಯಿಯ ಜರಡಿಗೆ ಅಂಟಿಕೊಂಡಿದ್ದು, ಹೀರಿಕೆ ನಿಂತೊಡನೆ ಕೆಳಗುದುರುವುದೇ ಇದಕ್ಕೆ ಕಾರಣ. ಜರಡಿಯನ್ನು ತೊಳೆದರೆ ಆ ದಿನದ ಪ್ರಯಾಣ ಸಾಗೀತು. ರೋಗದ ಮೂಲ ಮಾತ್ರ ಟ್ಯಾಂಕಿನಲ್ಲೇ ಉಳಿಯುವುದು.

ಪೆಟ್ರೋಲು ತಾನಾಗಿ ಉಕ್ಕನ್ನು ತಿನ್ನುವುದಿಲ್ಲ. ಹಾಗಾದರೆ ತುಕ್ಕು ಬಂದುದು ಎಲ್ಲಿಂದ? ಪೆಟ್ರೋಲು ಇಲ್ಲದ ಜಾಗದಿಂದ. ಮಲ್ಲತ್ತಹಳ್ಳಿಯ ಒಂದು ಮನೆಯ ಷೆಡ್ಡಿನಲ್ಲಿ ಕಾಲು ಭಾಗ ಮಾತ್ರ ಪೆಟ್ರೋಲುಳ್ಳ ಹಳೆಯ ಫಿಯೆಟ್ ಗಾಡಿ ನಿಂತಿದೆಯೆಂದು ಭಾವಿಸಿರಿ. ಜನವರಿಯಲ್ಲಿ ಬೆಂಗಳೂರಿನ ಹಗಲಿನ ಶಾಖ ಸುಮಾರು 27 ಡಿಗ್ರಿ, ರಾತ್ರಿಯದು ಸುಮಾರು 16 ಡಿಗ್ರಿ. ಹಗಲಿನಲ್ಲಿ ಟ್ಯಾಂಕಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ; ರಾತ್ರಿ ಕುಗ್ಗಿ, ತೇವದಿಂದ ಕೂಡಿದ ಹೊಸ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ತೇವವು ತಣ್ಣನೆಯ ತಗಡಿನ ಮೇಲೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ಉಕ್ಕಿನ ತಗಡಿಗೆ ಅನೇಕ ತಯಾರಕರು ಸೀಸ ಮತ್ತು ತವರಗಳ ತೆಳುವಾದ ಕಲಾಯಿಯನ್ನು ಕೊಟ್ಟಿರುತ್ತಾರೆ. ಅದು ಸವೆದ ಕಡೆಯಲ್ಲಿ ನೀರೂ ಆಮ್ಲಜನಕವೂ ಕೂಡಿ ತುಕ್ಕಿಗೆ ನಾಂದಿ ಹಾಡುತ್ತವೆ.

ಇತ್ತೀಚೆಗೆ ಇನ್ನೊಂದು ಕಾರಣವೂ ಸೇರಿದೆ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಥನಾಲಿಗೆ ನೀರನ್ನು ಸೆಳೆಯುವ ಗುಣವುಂಟು. ಸೆಳೆದ ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಹಳೆಯ ಟ್ಯಾಂಕುಗಳನ್ನು ಈ ಮಿಶ್ರಣಕ್ಕಾಗಿ ರಚಿಸಿದುದಲ್ಲ.

ಹಾಳಾದ ಟ್ಯಾಂಕನ್ನು ಬಿಸುಟು ಹೊಸದನ್ನು ತರಬಾರದೇಕೆ ಎಂದು ಕೇಳಬಹುದು. ಅಂಬಾಸಡರ್ ಗಾಡಿಯ ತಯಾರಿಕೆಯೇ 2014ರಲ್ಲಿ ನಿಂತಿತು. ಅದಕ್ಕಿಂತ ಹಳೆಯ ಗಾಡಿಗಳ ಭಾಗಗಳು ಸುಲಭವಾಗಿ ದೊರೆಯವು. ಮೇಲಾಗಿ, ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ 2021ರ ಕೇಂದ್ರ ನಿಯಮಗಳು ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ಮೂಲ ಟ್ಯಾಂಕನ್ನು ಉಳಿಸಿಕೊಳ್ಳುವುದಕ್ಕೆ ಬೆಲೆಯುಂಟು.

ಆದರೆ ಕೆಲಸಕ್ಕೆ ಕೈಯಿಡುವ ಮೊದಲು ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಬೇಕು. ತುಂಬಿದ ಟ್ಯಾಂಕಿಗಿಂತ ಬರಿದು ಮಾಡಿದ ಟ್ಯಾಂಕು ಹೆಚ್ಚು ಅಪಾಯಕರ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಪೆಟ್ರೋಲು ತುಂಬಿರುವಾಗ ಮೇಲಿನ ಅಲ್ಪಸ್ಥಳದಲ್ಲಿ ಆವಿ ಈ ಮಿತಿಯನ್ನು ಮೀರಿರುತ್ತದೆ. ಬರಿದು ಮಾಡಿದ ಟ್ಯಾಂಕಿನಲ್ಲಿ ಸ್ಫೋಟಕ್ಕೆ ಬೇಕಾದ ಪ್ರಮಾಣವೇ ಒದಗಬಹುದು. ಈ ಆವಿಯು ಗಾಳಿಗಿಂತ ಭಾರವಾದುದರಿಂದ ಷೆಡ್ಡಿನ ನೆಲದಲ್ಲೇ ಹರಿದು ದೂರದ ಕಿಡಿಯನ್ನು ತಲುಪಬಲ್ಲದು. ಆದುದರಿಂದ ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ಪೆಟ್ರೋಲನ್ನು ಬಯಲಿನಲ್ಲಿ ಲೋಹದ ಡಬ್ಬಿಗೆ ಇಳಿಸತಕ್ಕದ್ದು. ಬೀಡಿ, ಒಲೆ, ವಿದ್ಯುತ್ ಸ್ವಿಚ್ಚು ಇವಾವುವೂ ಬಳಿಯಲ್ಲಿರಕೂಡದು. ಟ್ಯಾಂಕಿಗೆ ಬೆಸುಗೆ ಹಾಕುವುದನ್ನು ಮನೆಯಲ್ಲಿ ಎಂದಿಗೂ ಪ್ರಯತ್ನಿಸಬಾರದು.

ಟ್ಯಾಂಕನ್ನು ಬಿಚ್ಚಿ, ಪೆಟ್ರೋಲಿನ ಮಟ್ಟ ತೋರಿಸುವ ತೇಲುಯಂತ್ರವನ್ನೂ ಜರಡಿಯನ್ನೂ ಹೊರತೆಗೆದ ಮೇಲೆ, ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡದಿಂದ ವಾಸನೆ ಹೋಗುವವರೆಗೆ ಹಲವು ಸಾರಿ ತೊಳೆಯಬೇಕು. ತಳವನ್ನು ದಬ್ಬಳದಿಂದ ಒತ್ತಿ ನೋಡಿ. ಮೊನೆ ತೂರಿಹೋದರೆ ತಗಡು ತೀರಿತೆಂದೇ ತಿಳಿಯಬೇಕು. ಅಂಥ ಟ್ಯಾಂಕಿಗೆ ಲೇಪದಿಂದ ಉಪಯೋಗವಿಲ್ಲ. ಹಳೆಯದರ ಅಳತೆಗೆ ಹೊಸದನ್ನು ಮಾಡಿಸುವುದೇ ಕ್ಷೇಮ.

ತಗಡು ಗಟ್ಟಿಯಾಗಿದ್ದರೆ, ಎಣಿಸಿಟ್ಟ ನಟ್ಟುಗಳನ್ನು ಸೋಪಿನ ನೀರಿನೊಡನೆ ಒಳಗೆ ಹಾಕಿ, ಟ್ಯಾಂಕಿಗೆ ಕಂಬಳಿ ಸುತ್ತಿ ಎಲ್ಲ ಮಗ್ಗುಲುಗಳಿಗೂ ಉರುಳಿಸಬೇಕು. ಸಡಿಲವಾದ ಹಕ್ಕಳೆಗಳು ಉದುರುತ್ತವೆ. ಹೊರತೆಗೆದ ನಟ್ಟುಗಳ ಲೆಕ್ಕ ಸರಿಹೋಗಬೇಕು. ಉಳಿದ ತುಕ್ಕಿಗೆ ಆಮ್ಲವೇ ಮದ್ದು. ಹುಣಸೆಹಣ್ಣು ಹಿತ್ತಾಳೆಯ ಕೊಡವನ್ನು ಬೆಳಗುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಇಲ್ಲಿಯೂ ತತ್ತ್ವ ಅದೇ. ಲೀಟರು ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ, ಟ್ಯಾಂಕನ್ನು ತುಂಬಿ ಸುಮಾರು ಒಂದು ದಿನ ಬಿಡಬಹುದು. ಜಲಜನಕ ಹುಟ್ಟುವುದರಿಂದ ಬಾಯಿಯನ್ನು ಬಿಗಿಯಬಾರದು. ಹೈಡ್ರೋಕ್ಲೋರಿಕ್ ಆಮ್ಲ ತುಕ್ಕಿನೊಡನೆ ಒಳ್ಳೆಯ ತಗಡನ್ನೂ ಬೇಗನೆ ತಿನ್ನುವುದರಿಂದ ವರ್ಜ್ಯ. ಬಳಿಕ ಅಡಿಗೆಸೋಡದ ನೀರಿನಿಂದ ಆಮ್ಲವನ್ನು ಶಮನಗೊಳಿಸಿ ತೊಳೆದು, ಒಡನೆಯೇ ಒಣಗಿಸಬೇಕು. ತಡವಾದರೆ ಬರಿಯ ಉಕ್ಕು ನಿಮಿಷಗಳಲ್ಲೇ ಮತ್ತೆ ಕೆಂಪಾಗುವುದು.

ಈ ಕೊಳೆನೀರಿನಲ್ಲಿ ಪೆಟ್ರೋಲೂ ಸೀಸವೂ ಇರಬಹುದು. ಬೀದಿಯ ಚರಂಡಿಗೆ ಸುರಿದರೆ ಅದು ಮಲ್ಲತ್ತಹಳ್ಳಿಯ ಕೆರೆಯನ್ನೋ ವೃಷಭಾವತಿಯನ್ನೋ ಸೇರುವುದು. ಡಬ್ಬಿಯಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ಸಂಗ್ರಾಹಕರಿಗೆ ಒಪ್ಪಿಸುವುದು ನಾಗರಿಕರ ಧರ್ಮ.

ಕಡೆಯದು ಲೇಪ. ಎಥನಾಲಿಗೆ ಕರಗದ ಎಪಾಕ್ಸಿ ಜಾತಿಯ ಲೇಪವನ್ನೇ ಕೇಳಿ ಕೊಳ್ಳಬೇಕು; ಎಥನಾಲನ್ನು ತಾಳದ ಲೇಪವು ಚಕ್ಕೆಚಕ್ಕೆಯಾಗಿ ಎದ್ದು ತುಕ್ಕಿಗಿಂತ ಕೆಟ್ಟದಾಗಿ ಕೊಳವೆಯನ್ನು ಕಟ್ಟುತ್ತದೆ. ಕೈಗವಸು ತೊಟ್ಟು, ಲೇಪವನ್ನು ಸುರಿದು, ಒಳಗಿನ ಅಡ್ಡತಗಡುಗಳ ಹಿಂದೆಯೂ ಹರಡುವಂತೆ ಟ್ಯಾಂಕನ್ನು ನಿಧಾನವಾಗಿ ತಿರುಗಿಸಿ, ಮಿಕ್ಕುದನ್ನು ಪೂರ್ತಿ ಬಸಿಯಬೇಕು. ಪೆಟ್ರೋಲು ಹೊರಡುವ ಕೊಳವೆಯೂ ಗಾಳಿಯ ಕೊಳವೆಯೂ ಮುಚ್ಚದಂತೆ ನೋಡಿಕೊಳ್ಳಬೇಕು. ತಯಾರಕರು ಹೇಳಿದಷ್ಟು ದಿನ ಒಣಗದೆ ಪೆಟ್ರೋಲು ತುಂಬಿಸಕೂಡದು. ಮಳೆಗಾಲದ ತೇವದಲ್ಲಿ ಈ ಕೆಲಸವನ್ನು ಹಮ್ಮಿಕೊಳ್ಳದಿರುವುದೇ ಲೇಸು. ತುಕ್ಕಿನ ಮೇಲಾಗಲಿ ಜಿಡ್ಡಿನ ಮೇಲಾಗಲಿ ಲೇಪ ನಿಲ್ಲದು. ಇಲ್ಲಿ ಶ್ರಮದ ಬಹುಪಾಲು ತೊಳೆಯುವುದಕ್ಕೇ ಸಲ್ಲಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಟ್ಯಾಂಕನ್ನು ಬರಿದಾಗಿ ಬಿಟ್ಟರೆ, ಲೇಪ ತಲುಪದ ಮೂಲೆಯಲ್ಲಿ ತುಕ್ಕು ಮತ್ತೆ ತಲೆಯೆತ್ತೀತು. ಗಾಡಿಯನ್ನು ನಿಲ್ಲಿಸಿಡುವಾಗ ಪೆಟ್ರೋಲು ಹಿಗ್ಗಲು ಸ್ವಲ್ಪ ಜಾಗ ಉಳಿಸಿ ಟ್ಯಾಂಕನ್ನು ತುಂಬಿಡಿ. ಮುಚ್ಚಳದ ರಬ್ಬರು ಸರಿಯಾಗಿದೆಯೇ ನೋಡಿ. ತಿಂಗಳಿಗೊಮ್ಮೆಯಾದರೂ ಗಾಡಿಯನ್ನು ಓಡಿಸಿ, ಪೆಟ್ರೋಲು ಹಳತಾಗಲು ಬಿಡದೆ ಹೊಸದನ್ನು ಹಾಕಿಸಿ.