ಶ್ವಾಸಕೋಶದ ಆಪರೇಷನ್ ನಂತರ: ನೋವನ್ನು ನುಂಗಿಕೊಳ್ಳಬೇಡಿ

ಶ್ವಾಸಕೋಶದ ಆಪರೇಷನ್ ಆದವರಿಗೆ ಮೊದಲ ಕೆಲವು ದಿನ ನೋವಿರುವುದು ಸಹಜ. ಪಕ್ಕೆಲುಬುಗಳ ನಡುವೆ ಆಪರೇಷನ್ ಮಾಡಿರುವುದರಿಂದ ಪ್ರತಿ ಉಸಿರಿಗೂ ಆ ಜಾಗ ಅಲುಗಾಡುತ್ತದೆ.

ನೋವಿಗೆ ಹೆದರಿ ಅರೆಬರೆ ಉಸಿರಾಡುತ್ತಾ ಕೆಮ್ಮನ್ನು ಅದುಮಿಟ್ಟರೆ, ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ನೀವು ಆಳವಾಗಿ ಉಸಿರೆಳೆದು, ಕೆಮ್ಮಿ, ಓಡಾಡಲೆಂದೇ ನೋವಿನ ಔಷಧಿ ಕೊಡುತ್ತೇವೆ.

ನೋವಿನ ಔಷಧಿ

* ನೋವು ಜೋರಾಗುವವರೆಗೆ ಕಾಯದೆ, ಹೇಳಿದ ವೇಳೆಗೆ ತೆಗೆದುಕೊಳ್ಳಿ.
* ಸಿಸ್ಟರ್ ಕೇಳಿದಾಗ, ರೂಪಾಯಿಗೆ ಎಷ್ಟಾಣೆ ನೋವಿದೆ ಎಂದು ಹೇಳಿ. ಸುಮ್ಮನೆ ಮಲಗಿದಾಗಿನ ನೋವಲ್ಲ, ಕೆಮ್ಮುವಾಗಿನ ನೋವು ಹೇಳಿ.
* ವೈದ್ಯರು ಬರೆದಷ್ಟು ದಿನ ತೆಗೆದುಕೊಂಡರೆ ಚಟವಾಗುವ ಭಯ ಬೇಡ. ಕೆಲವು ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ, ನಮಗೆ ತಿಳಿಸಿ.
* ಮೆಡಿಕಲ್ ಶಾಪ್‌ನಿಂದ ನೀವಾಗಿಯೇ ಬೇರೆ ಮಾತ್ರೆ ತರಬೇಡಿ. ಹೊಟ್ಟೆಗೆ, ಮೂತ್ರಪಿಂಡಕ್ಕೆ ತೊಂದರೆಯಾಗಬಹುದು.

ಜೊತೆಗಿರುವವರೇ, ಹಿರಿಯರು ಕೇಳಿದರೆ "ಏನಿಲ್ಲ ಬಿಡವ್ವ" ಎನ್ನುತ್ತಾರೆ. ಕೆಮ್ಮುವಾಗ ಅವರ ಮುಖ ನೋಡಿ, ನೀವೇ ಸಿಸ್ಟರ್‌ಗೆ ಹೇಳಿ.

ಉಸಿರು ಮತ್ತು ಕೆಮ್ಮು

ಮೂರು ಚೆಂಡಿನ ಉಪಕರಣವನ್ನು ಅನೇಕರು ಊದುತ್ತಾರೆ. ಊದಬಾರದು, ಎಳನೀರು ಹೀರುವಂತೆ ನಿಧಾನವಾಗಿ ಒಳಕ್ಕೆ ಎಳೆದು, 3 ಸೆಕೆಂಡ್ ಹಿಡಿದು ಬಿಡಿ. ಎಚ್ಚರವಿರುವಾಗ ಗಂಟೆಗೊಮ್ಮೆ 10 ಸಲ ಮಾಡಿ.

ಕೆಮ್ಮಿದರೆ ಹೊಲಿಗೆ ಬಿಚ್ಚುತ್ತದೆ ಎಂಬ ಭಯ ಬೇಡ. ಎದ್ದು ಕುಳಿತು, ಗಾಯದ ಮೇಲೆ ದಿಂಬು ಅದುಮಿ ಹಿಡಿದು ಕೆಮ್ಮಿ. ಎದೆಗೆ ಬಟ್ಟೆ ಬಿಗಿದು ಕಟ್ಟಬೇಡಿ.

ಎದೆಯ ಪೈಪು ಮತ್ತು ಬಾಟಲಿ

ಬಾಟಲಿ ಸದಾ ಎದೆಗಿಂತ ಕೆಳಗಿರಲಿ, ನೆಟ್ಟಗಿರಲಿ. ಉಸಿರಿನ ಜೊತೆ ನೀರು ಮೇಲೆ ಕೆಳಗೆ ಆಡಿದರೆ ಗಾಬರಿ ಬೇಡ. ಬಾಟಲಿ ಉರುಳಿದರೆ ನೆಟ್ಟಗೆ ನಿಲ್ಲಿಸಿ ಕೂಡಲೇ ಸಿಸ್ಟರ್‌ನ್ನು ಕರೆಯಿರಿ. ಪೈಪನ್ನು ನೀವಾಗಿ ಮಡಚಿ ಕಟ್ಟಬೇಡಿ.

ಊರಿಗೆ ಹೋದ ಮೇಲೆ

* ಬಸ್ಸಿನಲ್ಲಿ ಹೋಗುವಾಗ ಗಾಯಕ್ಕೆ ದಿಂಬು ಒತ್ತಿ ಹಿಡಿಯಿರಿ.
* ದಿನವೂ ನಡೆಯಿರಿ. ಆಪರೇಷನ್ ಆದ ಕಡೆಯ ತೋಳನ್ನೂ ಮೆಲ್ಲಗೆ ಎತ್ತಿ ಇಳಿಸಿ. ಇಲ್ಲವಾದರೆ ಭುಜ ಬಿಗಿಯುತ್ತದೆ.
* ವೈದ್ಯರು ಒಪ್ಪುವವರೆಗೆ ಕೊಡಪಾನ, ಗೊನೆ, ಚೀಲ ಎತ್ತಬೇಡಿ, ಬೈಕ್ ಓಡಿಸಬೇಡಿ.
* ಬೀಡಿ, ಸಿಗರೇಟು ಪೂರ್ತಿ ಬಿಡಿ. ಚನ್ನಗಿರಿ ಕಡೆಯವರು ಅಡಿಕೆ ಬೇಯಿಸುವ ಒಲೆಯ ಹೊಗೆಯಿಂದ, ಹೊನ್ನಾಳಿ, ನ್ಯಾಮತಿಯವರು ಭತ್ತದ, ಜಗಳೂರಿನವರು ಮೆಕ್ಕೆಜೋಳದ ಒಕ್ಕಣೆಯ ದೂಳಿನಿಂದ ದೂರವಿರಿ.
* ಕ್ಷಯದಿಂದ ಕೀವು ತುಂಬಿ ಆಪರೇಷನ್ ಆಗಿದ್ದರೆ, ಆಪರೇಷನ್ ಆಯಿತೆಂದು ಟಿ.ಬಿ. ಮಾತ್ರೆ ನಿಲ್ಲಿಸಬೇಡಿ.

ಪಕ್ಕೆಲುಬುಗಳ ನಡುವಿನ ನರಕ್ಕೆ ಪೆಟ್ಟಾಗಿರುವುದರಿಂದ ಕೆಲವರಿಗೆ ಗಾಯದಿಂದ ಎದೆಯ ಮುಂಭಾಗದವರೆಗೆ ಜೋಮು, ಉರಿ ಇರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದು ನಿಧಾನವಾಗಿ ಕಡಿಮೆಯಾಗುತ್ತದೆ. 3 ತಿಂಗಳಾದರೂ ಕಾಡಿದರೆ ಬನ್ನಿ; ನರದ ನೋವಿಗೆ ಬೇರೆಯೇ ಔಷಧಿಗಳಿವೆ.

ತಡಮಾಡಬೇಡಿ

ಚಳಿಜ್ವರ, ಗಾಯದಲ್ಲಿ ಕೀವು, ಕಾಲಿನ ಮೀನಖಂಡದಲ್ಲಿ ಊತ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ಕಫದಲ್ಲಿ ರಕ್ತ ಬಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಬರುವಾಗ ಡಿಸ್ಚಾರ್ಜ್ ಚೀಟಿ, ಮಾತ್ರೆಗಳನ್ನು ತಪ್ಪದೆ ತನ್ನಿ.