ಊರೂರು ತಿರುಗುವವರಿಗೆ ಯಾವ ಪೇಟಿ?
ಸಂಚಾರಕ್ಕೆ ಒದಗುವ ಹಾರ್ಮೋನಿಯಂ ಆಯ್ಕೆಯಲ್ಲಿ ಗ್ರಾಹಕರೂ ವರ್ತಕರೂ ಗಮನಿಸಬೇಕಾದ ಅಂಶಗಳು

ಕೃಷ್ಣೆಯ ನೀರನ್ನು ಮೇಲೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ತುಬಚಿಯ ಹೆಸರು ಇಂದು ನಾಡಿನಾದ್ಯಂತ ಪರಿಚಿತವಾಗಿದೆ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿ ತಾಲ್ಲೂಕುಗಳನ್ನೊಳಗೊಂಡ ಈ ಸೀಮೆಯು ಕಬ್ಬು, ಸಕ್ಕರೆ, ಬೆಲ್ಲ ಮತ್ತು ನೇಕಾರಿಕೆಗಳಿಗೆ ಹೆಸರಾಗಿರುವಂತೆಯೇ ಹಾಡಿಕೆಗೂ ಹೆಸರಾದುದು. ಶ್ರಾವಣದ ಭಜನೆ, ಜಾತ್ರೆಯ ನಾಟಕ, ಶ್ರೀಕೃಷ್ಣ ಪಾರಿಜಾತದ ಆಟ, ಮಠಗಳ ಪುರಾಣ ಪ್ರವಚನ, ಇವುಗಳಲ್ಲಿ ಯಾವುದೂ ಪೇಟಿಯಿಲ್ಲದೆ ಸಾಗುವುದು ಅಪರೂಪ. ಈ ಭಾಗದ ಆಡುಮಾತಿನಲ್ಲಿ ಪೇಟಿಯೆಂದರೆ ಹಾರ್ಮೋನಿಯಂ.

ಮನೆಯಲ್ಲಿಯೇ ಇರುವ ಪೇಟಿಗೂ ಊರೂರು ತಿರುಗುವ ಪೇಟಿಗೂ ಬಹಳ ವ್ಯತ್ಯಾಸವುಂಟು. ಮೊದಲನೆಯದರ ಮೌಲ್ಯವನ್ನು ನಾದದಿಂದ ಅಳೆದರೆ ಸಾಕು. ಎರಡನೆಯದರ ಮೌಲ್ಯವನ್ನು ನಾದದ ಜೊತೆಗೆ ಭಾರ, ಬಾಳಿಕೆ ಮತ್ತು ದುರಸ್ತಿಯ ಅನುಕೂಲಗಳಿಂದಲೂ ಅಳೆಯಬೇಕಾಗುತ್ತದೆ. ಈ ಭೇದವನ್ನು ತಿಳಿಯದೆ ಕೊಂಡ ವಾದ್ಯವು ನಡುರಾತ್ರಿಯ ಆಟದಲ್ಲಿ ಕೈಕೊಟ್ಟರೆ ನಷ್ಟವು ವಾದಕನೊಬ್ಬನದಾಗಿ ಉಳಿಯದೆ ಇಡೀ ಮೇಳದ ಸಂಭಾವನೆಗೂ ಮುಂದಿನ ವರ್ಷದ ವೀಳ್ಯಕ್ಕೂ ತಟ್ಟುತ್ತದೆ.

ಪ್ಯಾರಿಸ್ಸಿನಿಂದ ಕೃಷ್ಣಾತೀರದವರೆಗೆ

ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ 1842ರಲ್ಲಿ ಪೇಟೆಂಟ್ ಪಡೆದನು. ಆ ವಾದ್ಯವು ಮೇಜಿನಷ್ಟು ದೊಡ್ಡದಾಗಿದ್ದು, ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ಹಾಕಿ ನುಡಿಸುವಂಥದ್ದಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮ್ಮ ಪದ್ಧತಿಗೆ ಅದು ಒಗ್ಗುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ಕಾಲುಗಳನ್ನು ತೆಗೆದುಹಾಕಿ, ತಿದಿಯನ್ನು ಹಿಂಭಾಗಕ್ಕೆ ತಂದು, ಒಂದು ಕೈಯಿಂದ ಗಾಳಿ ಹಾಕುತ್ತ ಇನ್ನೊಂದು ಕೈಯಿಂದ ನುಡಿಸಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ಅವರ ದ್ವಾರ್ಕಿನ್ ಸಂಸ್ಥೆಯ ಈ ವಾದ್ಯವು ದೇಶದಾದ್ಯಂತ ಹರಡಲು ಮುಖ್ಯ ಕಾರಣ ಅದನ್ನು ಹೊತ್ತೊಯ್ಯಬಹುದಾಗಿದ್ದುದೇ.

ಸ್ಥಿರವಾದ ಹನ್ನೆರಡು ಸ್ವರಗಳ ಈ ವಾದ್ಯದಲ್ಲಿ ಮೀಂಡು ಮತ್ತು ಸೂಕ್ಷ್ಮ ಶ್ರುತಿಗಳು ಬಾರವೆಂಬ ಆಕ್ಷೇಪ ಹಿಂದಿನಿಂದಲೂ ಇದೆ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ವಾದನವನ್ನು ನಿಷೇಧಿಸಿತು. 1971ರಲ್ಲಿ ಆ ನಿರ್ಬಂಧವು ಭಾಗಶಃ ಸಡಿಲಗೊಂಡಿತು. ನಿಷೇಧದ ಈ ಮೂರು ದಶಕಗಳಲ್ಲಿಯೂ ನಾಟಕ ಕಂಪನಿಗಳಾಗಲಿ ಭಜನಾ ಮಂಡಳಿಗಳಾಗಲಿ ಪೇಟಿಯನ್ನು ಬಿಡಲಿಲ್ಲ. ಎತ್ತಿನ ಬಂಡಿಯಲ್ಲಿ ಸಾಗಿ, ಶ್ರುತಿ ಕೂಡಿಸುವ ಗೊಡವೆಯಿಲ್ಲದೆ, ಇಳಿಸಿದ ಕೂಡಲೇ ನುಡಿಸಬಹುದಾದ ಇನ್ನೊಂದು ವಾದ್ಯ ಅವರಿಗೆ ದೊರೆಯಲಿಲ್ಲ. ಕಾಗವಾಡದಲ್ಲಿ 1917ರಲ್ಲಿ ಜನಿಸಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ವಿಜಾಪುರೆಯವರು ಇದೇ ಪೇಟಿಯನ್ನು ಸಾಥಿಯ ವಾದ್ಯವೆಂಬ ಸ್ಥಾನದಿಂದ ಸ್ವತಂತ್ರ ವಾದನದ ಮಟ್ಟಕ್ಕೆ ಏರಿಸಿದವರಲ್ಲಿ ಒಬ್ಬರು.

ನಾಲ್ಕು ಬಗೆಯ ವಾದ್ಯಗಳು

ಸಂಚಾರಕ್ಕೆಂದು ಮಾರುಕಟ್ಟೆಯಲ್ಲಿ ದೊರೆಯುವ ವಾದ್ಯಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಾಲುಪೇಟಿ. ಎರಡೂ ಕೈಗಳು ನುಡಿಸಲು ಬಿಡುವಾಗಿರುವುದರಿಂದಲೂ ನಾದವು ತುಂಬಿ ಬರುವುದರಿಂದಲೂ ಕಂಪನಿ ನಾಟಕಗಳಲ್ಲಿ ಇದಕ್ಕೆ ಅಗ್ರಸ್ಥಾನವಿತ್ತು. ಮಡಚಬಹುದಾದ ಮಾದರಿಗಳಿದ್ದರೂ ಇದರ ಸಾಗಾಣಿಕೆಗೆ ಸ್ವಂತ ವಾಹನ ಬೇಕು. ಒಂದೇ ಊರಿನಲ್ಲಿ ವಾರಗಟ್ಟಲೆ ಬಿಡಾರ ಹೂಡುವ ಮಂಡಳಿಗೆ ಇದು ತಕ್ಕುದು.

ಎರಡನೆಯದು ಸಾಮಾನ್ಯ ಕೈಪೇಟಿ. ಸಾಮಾನ್ಯವಾಗಿ 39 ಅಥವಾ 42 ಕೀಲಿಗಳಿದ್ದು, ಜೋಡಿ ರೀಡಿನದಾದರೆ ಪ್ರತಿ ಕೀಲಿಗೆ ಎರಡರಂತೆ 78 ಅಥವಾ 84 ರೀಡುಗಳಿರುತ್ತವೆ. ಸೂಟ್‌ಕೇಸಿನಂತೆ ಮಡಚಿ ಹಿಡಿಕೆ ಹಿಡಿದು ಒಯ್ಯಬಹುದಾದ ಮಾದರಿಯೂ ಇದೇ ವರ್ಗಕ್ಕೆ ಸೇರುತ್ತದೆ. ಭಾರವು ಸುಮಾರು 8ರಿಂದ 12 ಕಿಲೋಗ್ರಾಂ.

ಮೂರನೆಯದು ಸ್ಕೇಲ್ ಚೇಂಜರ್. ಇದರಲ್ಲಿ ಕೀಲಿಮಣೆಯೇ ಪಕ್ಕಕ್ಕೆ ಸರಿಯುವುದರಿಂದ ಗಾಯಕನ ಶ್ರುತಿ ಬದಲಾದರೂ ವಾದಕನು ತನಗೆ ರೂಢಿಯಾದ ಕೀಲಿಗಳಲ್ಲಿಯೇ ನುಡಿಸಬಹುದು. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೆಂದರೆ ಹೆಚ್ಚಿನ ಭಾರ ಮತ್ತು ಹೆಚ್ಚಿನ ಬಿಡಿಭಾಗಗಳು. 15 ಕಿಲೋಗ್ರಾಂ ಮೀರುವುದು ಸಾಮಾನ್ಯ. ಟ್ರ್ಯಾಕ್ಟರಿನ ಅಥವಾ ಟೆಂಪೋದ ಕುಲುಕಾಟಕ್ಕೆ ಕೀಲಿಮಣೆ ಕೂದಲೆಳೆಯಷ್ಟು ಜರುಗಿದರೂ ಒಂದು ಕೀಲಿ ಒತ್ತಿದರೆ ಎರಡು ಸ್ವರ ಹೊರಡುವ ಅಥವಾ ಸ್ವರವೇ ಹೊರಡದ ತೊಂದರೆ ಉಂಟಾಗುತ್ತದೆ.

ನಾಲ್ಕನೆಯದು ವಿದ್ಯುನ್ಮಾನ ಕೀಬೋರ್ಡ್. 61 ಕೀಲಿಗಳ ಸಾಧಾರಣ ಮಾದರಿಯ ಭಾರ ನಾಲ್ಕೈದು ಕಿಲೋಗ್ರಾಂ ಮಾತ್ರ. ಶ್ರುತಿ ಬದಲಾವಣೆ ಒಂದು ಗುಂಡಿಯ ಕೆಲಸ. ಆದರೆ ವಿದ್ಯುತ್ತು ಅಥವಾ ಬ್ಯಾಟರಿ ಸೆಲ್ಲುಗಳಿಲ್ಲದೆ ಅದು ಮೌನ. ಬಯಲಿನಲ್ಲಿ ಕೇಳಿಸಬೇಕಾದರೆ ಧ್ವನಿವರ್ಧಕವೂ ಬೇಕು. ಜನರೇಟರಿನ ವೋಲ್ಟೇಜ್ ಏರಿಳಿತದಿಂದ ಅಡಾಪ್ಟರ್ ಕೆಡುವ ಸಂಭವವುಂಟು. ಒಳಗಿನ ಸರ್ಕ್ಯೂಟ್ ಕೆಟ್ಟರೆ ಹಳ್ಳಿಯ ಬಡಗಿಯಾಗಲಿ ಪೇಟಿ ರಿಪೇರಿಯವನಾಗಲಿ ಸರಿಪಡಿಸಲಾರನು.

ಯಾರಿಗೆ ಯಾವುದು?

ಕುಲಗೋಡ ತಮ್ಮಣ್ಣ ರೂಪಕೊಟ್ಟ, ಕೌಜಲಗಿ ನಿಂಗಮ್ಮ ಹೆಸರು ತಂದುಕೊಟ್ಟ ಶ್ರೀಕೃಷ್ಣ ಪಾರಿಜಾತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಟವು ರಾತ್ರಿಯಿಡೀ ನಡೆಯುತ್ತದೆ. ಪುರುಷ ಪಾತ್ರಧಾರಿಯು ಕಪ್ಪು ಒಂದರ ಆಸುಪಾಸಿನಲ್ಲಿ ಹಾಡಿದರೆ, ಸ್ತ್ರೀ ಪಾತ್ರಧಾರಿಯು ಕಪ್ಪು ನಾಲ್ಕು ಅಥವಾ ಐದನ್ನು ಬಯಸುವುದುಂಟು. ಇಲ್ಲಿ ಸ್ಕೇಲ್ ಚೇಂಜರ್ ಅನಿವಾರ್ಯವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಹನ್ನೆರಡು ಸ್ವರಗಳಲ್ಲಿ ಯಾವುದನ್ನು ಷಡ್ಜ ಮಾಡಿಕೊಂಡರೂ ನುಡಿಸಬಲ್ಲ ವಾದಕನಿದ್ದರೆ ಸಾಮಾನ್ಯ ಕೈಪೇಟಿಯೇ ಸಾಕಾಗುತ್ತದೆ. ವಾದಕನು ಅಭ್ಯಾಸಕ್ಕೆ ವ್ಯಯಿಸಿದ ಕಾಲವು ಹೀಗೆ ಭಾರದಲ್ಲಿಯೂ ಹಣದಲ್ಲಿಯೂ ಉಳಿತಾಯವಾಗಿ ಮರಳುತ್ತದೆ. ಅಭ್ಯಾಸ ಸಾಲದ ವಾದಕನಿಗೆ ಮಾತ್ರ ಸ್ಕೇಲ್ ಚೇಂಜರ್ ನಿಜವಾದ ಅಗತ್ಯ. ಅಂಥವನು ಗಟ್ಟಿ ಪೆಟ್ಟಿಗೆಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕತಕ್ಕದ್ದು.

ಬಸ್ಸಿನಲ್ಲಿ ಒಬ್ಬನೇ ಸಂಚರಿಸುವ ಪ್ರವಚನಕಾರ, ಕೀರ್ತನಕಾರ ಅಥವಾ ಸಂಗೀತ ಶಿಕ್ಷಕನಿಗೆ 39 ಕೀಲಿಗಳ ಮಡಚುವ ಪೇಟಿ ಯೋಗ್ಯ. ಧ್ವನಿವರ್ಧಕದ ವ್ಯವಸ್ಥೆಯಿರುವ ವಾದ್ಯಗೋಷ್ಠಿಗೆ ಕೀಬೋರ್ಡ್ ಸಲ್ಲುತ್ತದೆ. ವಿಮಾನದಲ್ಲಿ ಹೋಗಬೇಕಾದವರು ಟಿಕೆಟ್ಟಿಗೆ ಮುನ್ನ ಸಾಮಾನಿನ ಮಿತಿಯನ್ನು ವಿಚಾರಿಸುವುದು ಒಳ್ಳೆಯದು. ದೇಶೀಯ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಕೈಚೀಲಕ್ಕೆ 7 ಕಿಲೋಗ್ರಾಂ ಮಿತಿ ರೂಢಿಯಲ್ಲಿರುವುದರಿಂದ ಪೇಟಿಯು ಬಹುತೇಕ ಸಾಮಾನಿನ ವಿಭಾಗಕ್ಕೇ ಹೋಗಬೇಕಾಗುತ್ತದೆ.

ಅಂಗಡಿಯಲ್ಲಿಯೇ ಪರೀಕ್ಷೆ

ಪೇಟಿಯ ಪ್ರಾಣವಿರುವುದು ರೀಡಿನಲ್ಲಿ. ಹಿತ್ತಾಳೆಯ ತಗಡಿನ ಸೀಳಿನ ಮೇಲೆ ಒಂದು ತುದಿಯನ್ನು ಬಂಧಿಸಿದ ತೆಳುವಾದ ಹಿತ್ತಾಳೆಯ ನಾಲಗೆಯೇ ರೀಡು. ಗಾಳಿ ಹಾಯ್ದಾಗ ಅದು ಕಂಪಿಸಿ ಸ್ವರ ಹೊರಡುತ್ತದೆ. ನಾಲಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ. ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಗುಜರಾತಿನ ಪಾಲಿಟಾಣಾ ರೀಡುಗಳ ತಯಾರಿಕೆಗೆ ಪ್ರಸಿದ್ಧವಾದ ಊರು. ರೀಡು ಎಲ್ಲಿಯದೆಂದು ವಿಚಾರಿಸುವುದೂ, ತಿಳಿದುದನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದೂ ಗ್ರಾಹಕನ ಹಕ್ಕು.

ಕೊಳ್ಳುವ ಮುನ್ನ ಈ ಕೆಳಗಿನ ಪರೀಕ್ಷೆಗಳನ್ನು ಮಾಡತಕ್ಕದ್ದು:

1. ಎಲ್ಲ ಸ್ಟಾಪುಗಳನ್ನು ಮುಚ್ಚಿ ತಿದಿಯಿಂದ ಗಾಳಿ ತುಂಬಬೇಕು. ಕೂಡಲೇ ಗಾಳಿ ಇಳಿದುಹೋದರೆ ಸೋರಿಕೆಯುಂಟೆಂದು ತಿಳಿಯಬೇಕು.
2. ಪ್ರತಿಯೊಂದು ಕೀಲಿಯನ್ನೂ ಅತಿ ಮೆಲ್ಲನೆಯ ಗಾಳಿಯಲ್ಲಿ ನುಡಿಸಬೇಕು. ತಡವಾಗಿ ನುಡಿಯುವ ರೀಡು ಮುಂದೆ ತೊಂದರೆ ಕೊಡುವ ಸಂಭವ ಹೆಚ್ಚು.
3. ಒಂದೇ ಸ್ವರವನ್ನು ಮಂದ್ರ, ಮಧ್ಯ, ತಾರ ಸಪ್ತಕಗಳಲ್ಲಿ ಹೋಲಿಸಿ ನೋಡಬೇಕು. ಮೊಬೈಲಿನಲ್ಲಿ ಉಚಿತವಾಗಿ ದೊರೆಯುವ ಟ್ಯೂನರಿನಿಂದ 440ರ ಅಳತೆಯನ್ನೂ ಪರಿಶೀಲಿಸಬಹುದು.
4. ಪೆಟ್ಟಿಗೆಯನ್ನು ಮುಚ್ಚಿ, ಹಿಡಿಕೆಯಿಂದ ಎತ್ತಿ ನೂರು ಹೆಜ್ಜೆ ನಡೆದು ಬಂದು ಮತ್ತೆ ನುಡಿಸಬೇಕು. ಹಿಡಿಕೆ, ಕೀಲು, ಚಿಲಕಗಳ ಬಲವೂ ತನ್ನ ತೋಳಿನ ಬಲವೂ ಆಗ ತಿಳಿಯುತ್ತವೆ.
5. ಮೇಲಿನ ಹಲಗೆಯನ್ನು ತೆಗೆಯಿಸಿ, ರೀಡಿನ ಹಲಗೆಯನ್ನು ಸ್ಕ್ರೂಗಳಿಂದ ಬಿಚ್ಚಬಹುದೇ ಎಂದು ನೋಡಬೇಕು. ಬಿಚ್ಚಲಾಗದಂತೆ ಅಂಟಿಸಿದ ಪೇಟಿಯು ಸಂಚಾರಕ್ಕೆ ಯೋಗ್ಯವಲ್ಲ.

ಕೊನೆಯ ಅಂಶ ವಿಶೇಷ ಮಹತ್ವದ್ದು. ದಾರಿಯಲ್ಲಿ ಪೇಟಿ ಕೆಡುವುದು ಬಹುಮಟ್ಟಿಗೆ ಧೂಳಿನಿಂದ. ನಾಲಗೆಯ ಕೆಳಗೆ ಒಂದು ಕಣ ಸಿಕ್ಕಿಬಿದ್ದರೂ ಸ್ವರ ನಿಲ್ಲುತ್ತದೆ ಅಥವಾ ಕೀರಲಾಗುತ್ತದೆ. ತೆಳುವಾದ ಕಾಗದವನ್ನು ನಾಲಗೆಯ ಕೆಳಗೆ ಹಾಯಿಸಿ ಮೆಲ್ಲನೆ ಎಳೆದರೆ ಅದು ಸರಿಹೋಗುತ್ತದೆ. ಹಲಗೆ ಬಿಚ್ಚುವಂತಿದ್ದರೆ ಇದು ಹತ್ತು ನಿಮಿಷದ ಕೆಲಸ. ಬಿಚ್ಚಲಾಗದಿದ್ದರೆ ಆ ರಾತ್ರಿಯ ಆಟವೇ ಕೆಟ್ಟಿತು.

ಹವೆಯ ಬದಲಾವಣೆಯೂ ಗಮನಾರ್ಹ. ನಮ್ಮ ಭಾಗದ ಬೇಸಿಗೆಯ ಒಣ ಹವೆಗೆ ಕಟ್ಟಿಗೆ ಬಿರಿಯುತ್ತದೆ, ಅಂಟು ಬಿಡುತ್ತದೆ. ಅದೇ ವಾದ್ಯವು ಮಳೆಗಾಲದಲ್ಲಿ ಕೊಂಕಣದ ಕಡೆಗೆ ಹೋದರೆ ಕಟ್ಟಿಗೆ ಉಬ್ಬಿ ಕೀಲಿಗಳು ಸಿಕ್ಕಿಕೊಳ್ಳುತ್ತವೆ. ಚೆನ್ನಾಗಿ ಒಣಗಿಸಿ ಹದಗೊಳಿಸಿದ ಕಟ್ಟಿಗೆಯ ಪೇಟಿಯು ಹೆಚ್ಚಿನ ಬೆಲೆಗೆ ಅರ್ಹವಾಗುವುದು ಈ ಕಾರಣದಿಂದಲೇ.

ಬೆಲೆಯ ನಿಜವಾದ ಲೆಕ್ಕ

ವ್ಯಾಪಾರಸ್ಥರಿಗೆ ಪರಿಚಿತವಾದ ರೀತಿಯಲ್ಲಿಯೇ ಇದನ್ನು ನೋಡಬಹುದು. ಕೆಳಗಿನ ಮೊತ್ತಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು, ಮಾರುಕಟ್ಟೆಯ ದರಗಳಲ್ಲ.

ವರ್ಷಕ್ಕೆ 60ರಂತೆ ಐದು ವರ್ಷಗಳಲ್ಲಿ 300 ಕಾರ್ಯಕ್ರಮ ನೀಡುವ ಮೇಳವೊಂದು ರೂ. 24,000ದ ಪೇಟಿ ಕೊಂಡು, ಪ್ರತಿವರ್ಷ ರೂ. 2,000 ನಿರ್ವಹಣೆಗೆ ವೆಚ್ಚ ಮಾಡಿದರೆ ಒಟ್ಟು ರೂ. 34,000 ಆಗುತ್ತದೆ. ಕಾರ್ಯಕ್ರಮವೊಂದಕ್ಕೆ ಬೀಳುವುದು ಸುಮಾರು ರೂ. 113. ಇನ್ನೊಂದು ಮೇಳವು ರೂ. 10,000ದ ಪೇಟಿ ಕೊಂಡು ವರ್ಷಕ್ಕೆ ರೂ. 4,000 ದುರಸ್ತಿಗೆ ಹಾಕಿದರೆ ಒಟ್ಟು ರೂ. 30,000, ಕಾರ್ಯಕ್ರಮಕ್ಕೆ ರೂ. 100. ಅಗ್ಗದ ಪೇಟಿಯೇ ಲಾಭವೆಂದು ಇಲ್ಲಿಯವರೆಗೆ ತೋರುತ್ತದೆ. ಆದರೆ ಪೇಟಿ ಕೆಟ್ಟ ಕಾರಣ ವರ್ಷಕ್ಕೆ ಎರಡು ಕಾರ್ಯಕ್ರಮಗಳ ಸಂಭಾವನೆಯಲ್ಲಿ ತಲಾ ರೂ. 3,000 ಕೈಬಿಟ್ಟರೆ ಐದು ವರ್ಷಗಳಲ್ಲಿ ಮತ್ತೆ ರೂ. 30,000 ಸೇರುತ್ತದೆ. ಆಗ ಕಾರ್ಯಕ್ರಮಕ್ಕೆ ಬೀಳುವ ವೆಚ್ಚ ರೂ. 200. ಕಳೆದುಹೋದ ವಿಶ್ವಾಸದ ಬೆಲೆ ಈ ಲೆಕ್ಕದಲ್ಲಿ ಸೇರಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಒಂದು ಅಂಶವಿದೆ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ದೇಶೀಯವಾಗಿ ಕೈಯಿಂದ ತಯಾರಿಸಿದ ಸಂಗೀತ ವಾದ್ಯಗಳಿಗೆ ವಿನಾಯಿತಿ ನೀಡಲಾಯಿತು. ವಿದ್ಯುನ್ಮಾನ ಕೀಬೋರ್ಡುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಎರಡನ್ನೂ ಮಾರುವ ವರ್ತಕರು ತಮ್ಮ ತೆರಿಗೆ ಸಲಹೆಗಾರರನ್ನು ಕೇಳಿ, ಬಿಲ್ಲಿನಲ್ಲಿ ವಾದ್ಯದ ವರ್ಗವನ್ನು ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

ಸ್ಥಳೀಯ ಉದ್ಯಮಕ್ಕೆ ಅವಕಾಶ

ಕುಡಚಿಯಲ್ಲಿ ರೈಲು ಹತ್ತಿದರೆ ತಲುಪಬಹುದಾದ ಮೀರಜ್ ನಗರವು ವಾದ್ಯ ತಯಾರಿಕೆಯ ಪುರಾತನ ಕೇಂದ್ರ. ಅಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಶ್ರುತಿಪೆಟ್ಟಿಗೆ ಹಾಗೂ ತಂಬೂರಿಗಳ ವಿದ್ಯುನ್ಮಾನ ರೂಪಗಳನ್ನು ತಯಾರಿಸಿ ಬೆಂಗಳೂರಿನ ರೇಡೆಲ್ ಸಂಸ್ಥೆಯು ದೇಶವಿದೇಶಗಳ ಸಂಗೀತಗಾರರಿಗೆ ಪರಿಚಿತವಾಗಿದೆ. ಸಂಗೀತಗಾರನ ನಿತ್ಯದ ಕಷ್ಟವನ್ನು ಅರಿತವನಿಗೆ ಈ ಕ್ಷೇತ್ರದಲ್ಲಿ ಮಾರುಕಟ್ಟೆಯುಂಟೆಂಬುದಕ್ಕೆ ಇವೆರಡೂ ನಿದರ್ಶನಗಳು.

ಪೇಟಿಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿಯೇ ತಯಾರಿಸಬೇಕೆಂದೇನೂ ಇಲ್ಲ. ಸಂಚಾರಿ ವಾದಕನಿಗೆ ಬೇಕಾದ ಅನೇಕ ವಸ್ತುಗಳನ್ನು ಸಣ್ಣ ಬಂಡವಾಳದಲ್ಲಿ ಒದಗಿಸಬಹುದು. ದಪ್ಪ ಬಟ್ಟೆಯ ನಡುವೆ ಫೋಮ್ ಹಾಕಿ ಹೊಲಿದ ಹೊದಿಕೆ ರಬಕವಿ–ಬನಹಟ್ಟಿಯ ಹೊಲಿಗೆಯವರಿಗೆ ಕಷ್ಟದ ಕೆಲಸವಲ್ಲ. ಮೂಲೆಗಳಿಗೆ ಲೋಹದ ಪಟ್ಟಿ ಬಡಿದ ಸಾಗಾಣಿಕೆಯ ಪೆಟ್ಟಿಗೆಯನ್ನು ಯಾವ ತಾಲ್ಲೂಕಿನ ಬಡಗಿಯೂ ಮಾಡಬಲ್ಲನು. ತಿದಿಯ ಚರ್ಮ, ಸ್ಪ್ರಿಂಗು, ಮುಖ್ಯ ಸ್ವರಗಳ ರೀಡು, ಸ್ಕ್ರೂ ಮತ್ತು ತೆಳು ಕಾಗದಗಳ ಚಿಕ್ಕ ದುರಸ್ತಿ ಡಬ್ಬಿಯನ್ನು ಪೇಟಿಯ ಜೊತೆಗೆ ಮಾರುವ ಅಂಗಡಿಗೆ ಗಿರಾಕಿ ಮತ್ತೆ ಬರುವನು.

ಇವೆಲ್ಲಕ್ಕಿಂತ ಮುಖ್ಯವಾದುದು ದುರಸ್ತಿ ಸೇವೆ. ವಾದ್ಯ ಮಾರುವ ಅಂಗಡಿಯು ಮೀರಜ್‌ನಂತಹ ಕೇಂದ್ರದಲ್ಲಿ ಒಬ್ಬ ಯುವಕನಿಗೆ ತರಬೇತಿ ಕೊಡಿಸಿ, ಶ್ರಾವಣಕ್ಕೆ ಮುನ್ನ ಒಮ್ಮೆ ಮತ್ತು ಜಾತ್ರೆಗಳ ಕಾಲಕ್ಕೆ ಮುನ್ನ ಒಮ್ಮೆ ನಿಶ್ಚಿತ ದರದಲ್ಲಿ ಪೇಟಿಗಳ ತಪಾಸಣೆ ನಡೆಸಿದರೆ ಮೇಳಗಳಿಗೆ ನೆಮ್ಮದಿಯೂ ಅಂಗಡಿಗೆ ವರ್ಷವಿಡೀ ಆದಾಯವೂ ದೊರೆಯುತ್ತವೆ. ಒಂದು ಪೇಟಿ ಮಾರಿದ ಲಾಭ ಒಮ್ಮೆ ಬರುವಂಥದ್ದು. ಅದನ್ನು ನುಡಿಯುವ ಸ್ಥಿತಿಯಲ್ಲಿ ಇಡುವ ಕೆಲಸವು ಪೇಟಿ ಬಾಳುವಷ್ಟು ಕಾಲ ಬರುವಂಥದ್ದು.

ಆದುದರಿಂದ ಸಂಚಾರದ ಪೇಟಿಯನ್ನು ಕೊಳ್ಳುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದನ್ನು ಹೊರುವವರು ಯಾರು? ಇದು ಯಾವ ವಾಹನದಲ್ಲಿ ಸಾಗುವುದು? ಕೆಟ್ಟರೆ ಬಿಚ್ಚಿ ಸರಿಪಡಿಸುವವರು ಎಷ್ಟು ದೂರದಲ್ಲಿದ್ದಾರೆ? ಈ ಮೂರಕ್ಕೂ ತೃಪ್ತಿಕರ ಉತ್ತರ ದೊರೆತ ಬಳಿಕ ನಾದದ ಇಂಪನ್ನೂ ಬೆಲೆಯನ್ನೂ ವಿಚಾರಿಸುವುದು ಯುಕ್ತ. ಮಾರುವವರು ಈ ಪ್ರಶ್ನೆಗಳನ್ನು ಗಿರಾಕಿಗಿಂತ ಮುಂಚೆ ತಾವೇ ಕೇಳಿದಲ್ಲಿ ವ್ಯಾಪಾರವೂ ಬೆಳೆಯುತ್ತದೆ, ಹಾಡಿಕೆಯೂ ಉಳಿಯುತ್ತದೆ.